ಚಳಿ ನಾಯಿಗಲ್ಲ ಸ್ವಾಮಿ, ನಿಮಗೆ!

ದೀಪಾವಳಿ ಮುಗಿದು ಕಾರ್ತಿಕದ ಗಾಳಿ ಬೀಸಲು ಶುರುವಾಯಿತೆಂದರೆ ನಮ್ಮ ಜೂಜುವಾಡಿಯ ಬಡಾವಣೆಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಅಲ್ಲಿಯವರೆಗೆ ಬೆಳಿಗ್ಗೆ ಆರಕ್ಕೆಲ್ಲ ನಾಯಿ ಹಿಡಿದು ರಸ್ತೆಗಿಳಿಯುತ್ತಿದ್ದ ಮಹನೀಯರು ಒಬ್ಬೊಬ್ಬರಾಗಿ ಮಾಯವಾಗುತ್ತಾರೆ. ನಾಯಿಗಳು ಮಾಯವಾಗುವುದಿಲ್ಲ. ಗೇಟಿನ ಹಿಂದೆ, ಮೆಟ್ಟಿಲ ಕೆಳಗೆ, ಕಾರು ನಿಲ್ಲಿಸುವ ಜಾಗದ ಕಂಬಕ್ಕೆ ಕಟ್ಟಿದ ಚೈನಿನಲ್ಲಿ ಇರುತ್ತವೆ. ಯಾಕೆ ಸ್ವಾಮಿ ಅಂತ ಕೇಳಿದರೆ ಉತ್ತರ ಸಿದ್ಧ. "ಈ ಚಳೀಲಿ ಹೇಗೆ ಮೇಷ್ಟ್ರೇ? ಪಾಪ, ಅದಕ್ಕೂ ಚಳಿ ಆಗಲ್ವಾ? ಸಂಕ್ರಾಂತಿ ಕಳೀಲಿ ಬಿಡಿ."

ಈ "ಪಾಪ" ಅನ್ನುವ ಮಾತೇ ನನಗೆ ಸಿಟ್ಟು ತರಿಸುವುದು. ಕಂಬಳಿಯೊಳಗೆ ಮುದುಡಿಕೊಂಡವರು ತಾವು, ಕರುಣೆ ಮಾತ್ರ ನಾಯಿಯ ಹೆಸರಲ್ಲಿ!

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹೊಸೂರು ಸೀಮೆಯ ಚಳಿಗಾಲದಲ್ಲಿ ಆರೋಗ್ಯವಾಗಿರುವ ನಾಯಿಯನ್ನು ದಿನಕ್ಕೆ ಎರಡು ಸಲ ಹೊರಗೆ ನಡೆಸಲೇಬೇಕು. ಬೇಸಿಗೆಯಲ್ಲಿ ಎಷ್ಟೋ ಚಳಿಗಾಲದಲ್ಲೂ ಅಷ್ಟೇ. ಹೊತ್ತು ಬೇಕಾದರೆ ಬದಲಾಯಿಸಿಕೊಳ್ಳಿ, ಲೆಕ್ಕ ಬದಲಾಯಿಸಬೇಡಿ. ಇದಕ್ಕೆ ಒಪ್ಪದವರು ನಾಯಿ ಸಾಕಬೇಡಿ. ಇನ್ನು ಮುಂದೆ ಬರೆಯುವುದೆಲ್ಲ ಯಾಕೆ ಹಾಗೆ ಅನ್ನುವುದಕ್ಕೆ ಕಾರಣಗಳು ಮಾತ್ರ.

ಮೊದಲು ಚಳಿಯ ಮಾತು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಊರು ನಮ್ಮದು. ಪಕ್ಕದ ತಳಿಗೆ ಬ್ರಿಟಿಷರು "ಲಿಟ್ಲ್ ಇಂಗ್ಲೆಂಡ್" ಅಂತ ಹೆಸರಿಟ್ಟರಂತೆ. ಅದನ್ನು ಕೇಳಿ ಕೇಳಿ ನಮ್ಮವರಿಗೆ ತಾವು ನಿಜವಾಗಿ ಇಂಗ್ಲೆಂಡಿನಲ್ಲೇ ಇದ್ದೇವೆ ಅನ್ನಿಸಿಬಿಟ್ಟಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಲ್ಲಿ ಸಾಮಾನ್ಯವಾಗಿ 14ರಿಂದ 16 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ತೀರಾ ಕೊರೆದರೆ 11, 12. ಬಿಸಿಲೇರಿದರೆ 26, 27. ನಲವತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ ದಾಖಲೆಯ ಚಳಿ ಎಂದರೆ 7.8 ಡಿಗ್ರಿ. ಅದೂ ಯಾವಾಗ? 1884ರ ಜನವರಿ 13ರಂದು! ನೂರ ನಲವತ್ತು ವರ್ಷದ ಮೇಲಾಯಿತು. ಆ ಚಳಿಯನ್ನು ಕಂಡ ನಾಯಿಯೂ ಇಲ್ಲ, ಮನುಷ್ಯನೂ ಇಲ್ಲ.

ಈಗ ನಾಯಿಯ ಮೈ ನೋಡಿ. ಅದರ ಸಹಜ ದೇಹೋಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನಿಗೆ ಅಷ್ಟು ಬಂದರೆ ಜ್ವರ ಅಂತ ಮಾತ್ರೆ ನುಂಗುತ್ತಾನೆ. ಮೈತುಂಬ ಕೂದಲು. ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಿಸಿ ಹೊರಗೆ ಹಾಕಲು ಅದಕ್ಕಿರುವ ಮುಖ್ಯ ದಾರಿ ನಾಲಿಗೆ ಚಾಚಿ ಏದುಸಿರು ಬಿಡುವುದು. ಆದ್ದರಿಂದ ನಮ್ಮ ಕಡೆ ನಾಯಿಗೆ ನಿಜವಾದ ಶತ್ರು ಬೇಸಿಗೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಟಾರು ರಸ್ತೆಯ ಮೇಲೆ ನಾಯಿ ನಡೆಸುವವರನ್ನು ನಾನು ನೋಡಿದ್ದೇನೆ, ಅಂಗಾಲು ಸುಟ್ಟುಹೋಗುವಂಥ ಕಾವು. ಆಗ "ಪಾಪ" ಅನ್ನುವುದಿಲ್ಲ. ನಾಯಿ ಖುಷಿಯಾಗಿ ಓಡಾಡುವ ಮೂರು ತಿಂಗಳು ಬಂದಾಗ ಕಟ್ಟಿಹಾಕಿ "ಪಾಪ" ಅನ್ನುತ್ತಾರೆ. ಇದ್ಯಾವ ನ್ಯಾಯ?

ನಮ್ಮ ಬೀದಿಯಲ್ಲಿ ಹೆಚ್ಚಾಗಿ ಕಾಣುವುದು ಲ್ಯಾಬ್ರಡಾರ್. ಇದರ ಮೂಲ ಎಲ್ಲಿ ಗೊತ್ತಾ? ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿಯ ಬೆಸ್ತರ ಜೊತೆ ಮಂಜಿನಂತೆ ಕೊರೆಯುವ ಸಮುದ್ರಕ್ಕೆ ಹಾರಿ ಬಲೆಯ ಹಗ್ಗ ಎಳೆದು ತರುತ್ತಿದ್ದ ನಾಯಿಗಳ ವಂಶ ಅದು. ಇನ್ನು ಹಸ್ಕಿ. 1925ರ ಜನವರಿಯಲ್ಲಿ ಅಲಾಸ್ಕಾದ ನೋಮ್ ಎಂಬ ಊರಿನಲ್ಲಿ ಮಕ್ಕಳಿಗೆ ಗಂಟಲಮಾರಿ ರೋಗ ಬಂದಾಗ ಔಷಧಿ ಮುಟ್ಟಿಸಿದ್ದು ಇಂಥ ನಾಯಿಗಳು ಎಳೆದ ಜಾರುಗಾಡಿಗಳು. ಸುಮಾರು 1,085 ಕಿಲೋಮೀಟರ್ ದೂರ, 20 ಮಂದಿ, ಸುಮಾರು 150 ನಾಯಿಗಳು, ಸರದಿಯ ಮೇಲೆ ಐದೂವರೆ ದಿನದಲ್ಲಿ ಮುಗಿಸಿದರು, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ. ಆ ಜಾತಿಯ ನಾಯಿಯನ್ನು ಇಪ್ಪತ್ತು, ಮೂವತ್ತು ಸಾವಿರ ಕೊಟ್ಟು ತಂದು, 15 ಡಿಗ್ರಿಗೆ "ಚಳಿ ಆಗುತ್ತೆ" ಅಂತ ಮೆಟ್ಟಿಲ ಕೆಳಗೆ ಕಟ್ಟುತ್ತಾರೆ. ನಾಯಿಗೆ ಮಾತು ಬರುತ್ತಿದ್ದರೆ ಏನಂತಿತ್ತೋ!

ಅಷ್ಟು ದೂರ ಯಾಕೆ, ನಮ್ಮ ಮಹಾಭಾರತವನ್ನೇ ನೋಡಿ. ಕೊನೆಯ ಪ್ರಯಾಣದಲ್ಲಿ ಹಿಮಾಲಯ ಹತ್ತುವಾಗ ದ್ರೌಪದಿ ಬಿದ್ದಳು, ನಕುಲ ಸಹದೇವರು ಬಿದ್ದರು, ಅರ್ಜುನ ಬಿದ್ದ, ಭೀಮನೂ ಬಿದ್ದ. ಧರ್ಮರಾಯನ ಹಿಂದೆ ಕೊನೆಯವರೆಗೂ ನಡೆದು ಹೋದದ್ದು ಒಂದು ನಾಯಿ. ಕಥೆ ಬರೆದವರಿಗೂ ಗೊತ್ತಿತ್ತು, ಚಳಿಗೆ ಮೊದಲು ಸೋಲುವವರು ಯಾರು ಅಂತ.

ಹಾಗಾದರೆ ಚಳಿಗಾಲದಲ್ಲಿ ನಾಯಿಗೆ ಏನೂ ಜಾಗ್ರತೆ ಬೇಡವೇ? ಬೇಕು. ಆದರೆ ಯಾವ ನಾಡಿನ ಜಾಗ್ರತೆ? ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ನಾಯಿಯ ಅಂಗಾಲು ಸುಡುತ್ತದೆ. ಅಲ್ಲಿ ಬೂಟು ಬೇಕು, ಕೋಟು ಬೇಕು, ತೀರಾ ಹಿಮಗಾಳಿಯ ದಿನ ಹೊರಗೆ ಕರೆದೊಯ್ಯಬೇಡಿ ಅನ್ನುವ ಬುದ್ಧಿಮಾತೂ ಬೇಕು. ಅದನ್ನು ಓದಿಕೊಂಡು ನಮ್ಮವರು ಇಲ್ಲಿ ಪಾಲಿಸುತ್ತಾರೆ. ಸ್ವೆಟರ್ ಒಂದನ್ನು ತೊಡಿಸಿ ಫೋಟೋ ತೆಗೆದರೆ ನಾಯಿಯ ಚಳಿಗಾಲ ಮುಗಿಯಿತು. ನಮ್ಮಲ್ಲಿ ಬೇಕಾದ ಜಾಗ್ರತೆಯೇ ಬೇರೆ. ರಾತ್ರಿ ಮಲಗಲು ಸಿಮೆಂಟು ನೆಲದ ಬದಲು ಒಂದು ಗೋಣಿಚೀಲ, ಗಾಳಿ ಹೊಡೆಯದ ಮೂಲೆ, ಒಣಗಿದ ಜಾಗ. ಮರಿಗಳಿಗೆ, ವಯಸ್ಸಾಗಿ ಕೀಲು ಹಿಡಿದುಕೊಂಡ ನಾಯಿಗಳಿಗೆ, ಮುಧೋಳದಂಥ ತೆಳು ಕೂದಲಿನ ನಾಯಿಗಳಿಗೆ ಬಿಸಿಲು ಬಂದ ಮೇಲಿನ ನಡಿಗೆ. ಇಷ್ಟೇ. ಇದರಲ್ಲಿ ಯಾವುದೂ "ನಡೆಸಬೇಡಿ" ಅನ್ನುವುದಿಲ್ಲ.

ಎರಡನೆಯ ವಾದ ಬರುತ್ತದೆ. "ನಮ್ಮನೆ ಹಿಂದೆ ಜಾಗ ಇದೆ ಮೇಷ್ಟ್ರೇ, ಅಲ್ಲೇ ಎಲ್ಲಾ ಮುಗಿಸುತ್ತೆ. ಹೊರಗೆ ಯಾಕೆ?" ಇವರ ಲೆಕ್ಕದಲ್ಲಿ ನಡಿಗೆ ಎಂದರೆ ಬಹಿರ್ದೆಸೆ. ಅದೊಂದು ಆದರೆ ಕೆಲಸ ಮುಗಿಯಿತು.

ಇದರ ಬೇರು ನಮ್ಮ ಶಾಲೆಗಳಲ್ಲಿ ಬರೆಸುವ ಹತ್ತು ಸಾಲಿನ ಪ್ರಬಂಧದಲ್ಲೇ ಇದೆ. ನೀವೂ ಬರೆದಿರುತ್ತೀರಿ. ನಾಯಿ ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಒಂದು ಬಾಲ ಇದೆ. ಅದು ನಿಯತ್ತಿನ ಪ್ರಾಣಿ. ಅದು ಮನೆ ಕಾಯುತ್ತದೆ. ಹತ್ತೂ ಸಾಲು ನಾಯಿ ನಮಗೇನು ಮಾಡುತ್ತದೆ ಅನ್ನುವುದೇ. ನಾಲ್ಕು ಕಾಲು ಇದೆ ಅಂತ ಬರೆಯುತ್ತೇವೆ, ಆ ಕಾಲು ಇರುವುದು ಯಾತಕ್ಕೆ ಅಂತ ಬರೆಯುವುದಿಲ್ಲ. ನನ್ನ ತರಗತಿಯಲ್ಲಿ ಹನ್ನೊಂದನೆಯ ಸಾಲೊಂದನ್ನು ಸೇರಿಸಿ ಬರೆಸುತ್ತೇನೆ: "ನಾಯಿಯನ್ನು ದಿನವೂ ಎರಡು ಸಲ ನಡೆಸಬೇಕು." ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇಲ್ಲ, ಆದರೂ ಮಕ್ಕಳು ಬರೆಯುತ್ತಾರೆ.

ನಾಯಿ ಲೋಕವನ್ನು ತಿಳಿಯುವುದು ಮೂಗಿನಿಂದ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಕೆಲವು ದಶಲಕ್ಷ ಇದ್ದರೆ ಅದರ ಮೂಗಿನಲ್ಲಿ ಇಪ್ಪತ್ತು, ಮೂವತ್ತು ಕೋಟಿ. ಕಂಬ, ಕಲ್ಲು, ಚರಂಡಿ ಅಂಚು ಮೂಸುತ್ತಾ ನಿಂತರೆ ನಾವು ಹಗ್ಗ ಜಗ್ಗುತ್ತೇವೆ. ಅದು ಅಲ್ಲಿ ಊರಿನ ಸುದ್ದಿ ಕೇಳುತ್ತಿರುತ್ತದೆ. ಯಾರು ಬಂದರು, ಯಾರು ಹೋದರು, ಯಾವ ಹೊಸಬ ಬಂದಿದ್ದಾನೆ. ಬೆಳಿಗ್ಗೆ ಟೀ ಅಂಗಡಿಯ ಬೆಂಚಿನಲ್ಲಿ ಅರ್ಧ ಗಂಟೆ ಕೂರದಿದ್ದರೆ ನಮ್ಮ ಎಷ್ಟೋ ಜನರಿಗೆ ತಿಂಡಿ ಸೇರುವುದಿಲ್ಲ ತಾನೆ? ಆ ಬೆಂಚನ್ನು ಮೂರು ತಿಂಗಳು ಕಿತ್ತುಕೊಂಡರೆ ಹೇಗಿರುತ್ತದೆ ಅಂತ ಯೋಚಿಸಿ. ಮನೆಯ ಹಿಂದಿನ ಹತ್ತು ಅಡಿ ಜಾಗದಲ್ಲಿ ದಿನವೂ ಅದೇ ಗೋಡೆ, ಅದೇ ಬಕೆಟ್ಟು, ತನ್ನದೇ ವಾಸನೆ. ಹಾಗೆ ತಿಂಗಳುಗಟ್ಟಲೆ ಕೂತ ನಾಯಿ ಏನಾಗುತ್ತದೆ? ಒಂದೋ ಬೊಜ್ಜು ಬಂದು ಮಂಕಾಗುತ್ತದೆ, ಇಲ್ಲವೇ ಗೇಟಿನ ಹತ್ತಿರ ಎಲೆ ಅಲುಗಿದರೂ ಬೊಗಳಿ ಚೈನು ಕಿತ್ತುಕೊಳ್ಳುವಂತೆ ಎಗರುತ್ತದೆ. ಆಮೇಲೆ "ನಮ್ಮ ನಾಯಿ ಭಾರೀ ಜೋರು" ಅಂತ ಹೆಮ್ಮೆ ಬೇರೆ!

ಮೂರನೆಯ ವಾದ ಎಲ್ಲಕ್ಕಿಂತ ಅಪಾಯದ್ದು. "ಹಗಲೆಲ್ಲ ಕಟ್ಟಿರ್ತೀವಿ, ರಾತ್ರಿ ಹತ್ತಕ್ಕೆ ಬಿಟ್ಟುಬಿಡ್ತೀವಿ. ತಾನೇ ಸುತ್ತಾಡ್ಕೊಂಡು ಬರುತ್ತೆ." ಚಳಿಗಾಲದಲ್ಲಿ ಈ ಪದ್ಧತಿ ಹೆಚ್ಚು, ಯಾಕೆಂದರೆ ಯಜಮಾನ ಹಾಸಿಗೆ ಬಿಟ್ಟು ಏಳಬೇಕಾಗಿಲ್ಲ. ಕಾರ್ತಿಕ ಮಾಸಕ್ಕೂ ನಾಯಿಗಳಿಗೂ ಇರುವ ಸಂಬಂಧ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ, ಬಿಡಿಸಿ ಹೇಳಬೇಕಿಲ್ಲ. ಹೀಗೆ ರಾತ್ರಿ ಬಿಟ್ಟ ಮನೆನಾಯಿಗಳೂ ಸೇರಿಯೇ ಮಾರ್ಗಶಿರ, ಪುಷ್ಯದ ಹೊತ್ತಿಗೆ ಮೋರಿಯ ಪೈಪು, ಖಾಲಿ ನಿವೇಶನ, ಶಾಲೆಯ ಹಿಂಬದಿಯಲ್ಲೆಲ್ಲ ಮರಿಗಳು ತುಂಬುತ್ತವೆ. ಮರಿ ಹಾಕಿದ ತಾಯಿನಾಯಿಯ ಹತ್ತಿರ ಮಗು ಹೋದರೆ ಅದು ಸುಮ್ಮನಿರುತ್ತದೆಯೇ? ಕಚ್ಚಿಸಿಕೊಳ್ಳುವುದು ಯಾರು? ಕಾರಿನಲ್ಲಿ ಕಾನ್ವೆಂಟಿಗೆ ಹೋಗುವ ಮಗು ಅಲ್ಲ. ಬೆಳಿಗ್ಗೆ ಮಂಜಿನಲ್ಲಿ ಚೀಲ ಹೊತ್ತು ನಡೆದು ಸರ್ಕಾರಿ ಶಾಲೆಗೆ ಬರುವ ನಮ್ಮ ಮಗು.

2024ರಲ್ಲಿ ದೇಶದಲ್ಲಿ ವರದಿಯಾದ ನಾಯಿ ಕಡಿತಗಳು 37 ಲಕ್ಷಕ್ಕೂ ಹೆಚ್ಚು. ತಮಿಳುನಾಡಿನಲ್ಲಿ ಸುಮಾರು 4.80 ಲಕ್ಷ, ಕರ್ನಾಟಕದಲ್ಲಿ ಸುಮಾರು 3.61 ಲಕ್ಷ. ಗಡಿಯ ಈಚೆಗೂ ಆಚೆಗೂ ಕಥೆ ಒಂದೇ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣಕ್ಕೆ ಬೇಲಿ ಹಾಕಿ, ಅಲ್ಲಿನ ಬೀದಿನಾಯಿಗಳನ್ನು ಹಿಡಿದು ಬೇರೆಡೆಗೆ ಸಾಗಿಸಿ, ಮತ್ತೆ ಅಲ್ಲೇ ಬಿಡಬೇಡಿ ಅಂತ ಆದೇಶ ಕೊಟ್ಟಿತು. ಅದರ ಪರ, ವಿರೋಧ ಎಲ್ಲರೂ ಮಾತಾಡಿದರು. ಬೀದಿನಾಯಿಯ ಬಗ್ಗೆ ಇಷ್ಟು ಮಾತು! ಗೇಟಿನ ಹಿಂದೆ ಇಪ್ಪತ್ಮೂರು ಗಂಟೆ ಕಟ್ಟಿಸಿಕೊಂಡು ಇಪ್ಪತ್ನಾಲ್ಕನೆಯ ಗಂಟೆಗೆ ಬೀದಿನಾಯಿಯೇ ಆಗುವ ಮನೆನಾಯಿಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಅದಕ್ಕೆ ಮಾಲೀಕ ಇದ್ದಾನೆ ನೋಡಿ, ಅವನು ಓಟು ಹಾಕುತ್ತಾನೆ.

(ಕಚ್ಚಿದರೆ ಏನು ಮಾಡಬೇಕು ಅನ್ನುವುದನ್ನೂ ಬರೆದುಬಿಡುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಚ್ಚಿದ್ದು ಪರಿಚಯದ ಮನೆನಾಯಿ ಅಂತ ಸುಮ್ಮನಾಗಬೇಡಿ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.)

ಈಗ ಕಾನೂನು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ನಾಯಿಯನ್ನು ನಡೆಸದಿರುವುದು ನಮ್ಮ ದೇಶದಲ್ಲಿ ಅಪರಾಧ! ತಮಾಷೆ ಅಲ್ಲ ಸ್ವಾಮಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ತೆಗೆದು ನೋಡಿ. ಮಿತಿಮೀರಿ ಗಿಡ್ಡ ಅಥವಾ ಭಾರವಾದ ಚೈನಿನಲ್ಲಿ ಹೊತ್ತುಗಟ್ಟಲೆ ಪ್ರಾಣಿಯನ್ನು ಕಟ್ಟಿಡುವುದು ಹಿಂಸೆ ಅಂತ ಅದರಲ್ಲಿದೆ. ಅದರ ಮುಂದಿನ ಸಾಲಿನಲ್ಲೇ, ಸದಾ ಕಟ್ಟಿರುವ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡಿಸದೆ ಅಸಡ್ಡೆ ಮಾಡುವ ಮಾಲೀಕನೂ ಹಿಂಸೆ ಮಾಡಿದವನೇ ಅಂತ ಇದೆ. ಬೇರೆ ಯಾವ ಪ್ರಾಣಿಯ ಹೆಸರೂ ಆ ಸಾಲಿನಲ್ಲಿ ಇಲ್ಲ, ನಾಯಿಯೊಂದೇ. ಚಳಿಗಾಲಕ್ಕೆ ರಜೆ ಅಂತಲೂ ಬರೆದಿಲ್ಲ.

ಈ ಕಾಯ್ದೆಯ ಹಿಂದೆ ಇದ್ದವರು ಚೆನ್ನೈ ಅಡಿಯಾರಿನ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಆ ತಾಯಿ ಪ್ರಾಣಿಗಳಿಗಾಗಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾಯ್ದೆ ತರುತ್ತದೆ ಅಂತ ನೆಹರೂ ಮಾತು ಕೊಟ್ಟ ಮೇಲೆ ಹಿಂತೆಗೆದುಕೊಂಡರು. 1960ರಲ್ಲಿ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯಾದಾಗ ಅವರೇ ಮೊದಲ ಅಧ್ಯಕ್ಷೆ. ಭರತನಾಟ್ಯಕ್ಕೆ ಅವರು ಮಾಡಿದ್ದು ಎಲ್ಲರಿಗೂ ಗೊತ್ತು, ಕಟ್ಟಿಹಾಕಿದ ನಾಯಿಯ ಕಾಲಿಗೆ ಮಾಡಿದ್ದು ಯಾರಿಗೂ ನೆನಪಿಲ್ಲ.

ಆದರೆ ಆ ಕಾಯ್ದೆ ಬರೆದ ದಂಡ ಕೇಳಿ. ಮೊದಲ ತಪ್ಪಿಗೆ 10 ರೂಪಾಯಿಗೆ ಕಡಿಮೆ ಇಲ್ಲದಂತೆ, 50 ರೂಪಾಯಿಗೆ ಮೀರದಂತೆ! ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ತಿಂಡಿ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ. ದಂಡ ಏರಿಸುವ ತಿದ್ದುಪಡಿಯ ಕರಡನ್ನು 2022ರಲ್ಲಿ ಜನರ ಅಭಿಪ್ರಾಯಕ್ಕೆ ಬಿಟ್ಟಿದ್ದರು. ಅದೇ ನಾಯಿ ಇನ್ನೊಬ್ಬರಿಗೆ ಅಪಾಯ ಮಾಡುವಂತೆ ಅಸಡ್ಡೆಯಿಂದ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಕಾಯಿಲೆಗೆ ಬೆಲೆ 5,000, ಕಾಯಿಲೆ ಬಾರದಂತೆ ತಡೆಯುವುದಕ್ಕೆ ಬೆಲೆ 50.

ಬೇರೆ ಕಡೆ ಏನು ಮಾಡಿದ್ದಾರೆ? ಇಟಲಿಯ ಟುರಿನ್ ನಗರಸಭೆ 2005ರಲ್ಲಿ ನಾಯಿಯನ್ನು ದಿನಕ್ಕೆ ಮೂರು ಸಲ ನಡೆಸದವರಿಗೆ 500 ಯೂರೋವರೆಗೆ ದಂಡ ಅಂತ ನಿಯಮ ಮಾಡಿತು. ಟುರಿನ್ ಇರುವುದು ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ. ಅಲ್ಲಿ ಚಳಿ ಇಲ್ಲವೇ? ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2019ರಲ್ಲಿ, ಒಂದು ದಿನ ಪೂರ್ತಿ ಕೂಡಿಹಾಕಿದ ನಾಯಿಯನ್ನು ಆಮೇಲೆ ಎರಡು ಗಂಟೆ ಸ್ವತಂತ್ರವಾಗಿ ಓಡಾಡಲು ಬಿಡದಿದ್ದರೆ 4,000 ಡಾಲರ್‌ವರೆಗೆ ದಂಡ ಅಂತ ಕಾನೂನು ತಂದರು. ನಮ್ಮ ಹೊಸೂರು 2019ರಲ್ಲಿ ಮಹಾನಗರಪಾಲಿಕೆ ಆಯಿತು. ಬಡಾವಣೆ ಬೆಳೆದವು, ಅಪಾರ್ಟ್‌ಮೆಂಟು ಬೆಳೆದವು, ನಾಯಿಗಳೂ ಬೆಳೆದವು. ನಾಯಿ ನಡೆಸುವವರು ಮಾತ್ರ ಬೆಳೆಯಲಿಲ್ಲ.

"ಟೈಮ್ ಎಲ್ಲಿದೆ?" ಅನ್ನುವುದು ನಾಲ್ಕನೆಯ ವಾದ. ಸಿಪ್ಕಾಟ್ ಶಿಫ್ಟಿಗೆ ಹೋಗುವವರು, ದಿನವೂ ಚೆಕ್‌ಪೋಸ್ಟ್ ದಾಟಿ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗೆ ಓಡುವವರು ನಮ್ಮಲ್ಲಿ ಹೆಚ್ಚು. ಅವರ ಕಷ್ಟ ನನಗೆ ಗೊತ್ತು, ತಮಾಷೆ ಮಾಡುವುದಿಲ್ಲ. ಆದರೆ ಅದಕ್ಕೆ ಅವರು ಕಂಡುಕೊಂಡ ದಾರಿ ನೋಡಿ. ಪಕ್ಕದ ಬೀದಿಯ ಬಡವರ ಮನೆ ಹುಡುಗನಿಗೆ ದಿನಕ್ಕೆ ಹತ್ತೋ ಇಪ್ಪತ್ತೋ ಕೊಟ್ಟು, "ಲೋ, ಒಂದು ರೌಂಡು ಹೊಡ್ಸ್ಕೊಂಡ್ ಬಾರೋ" ಅನ್ನುವುದು. ಮೂವತ್ತೈದು ಕಿಲೋ ನಾಯಿ, ಇಪ್ಪತ್ತೆಂಟು ಕಿಲೋ ಹುಡುಗ! ಯಾರು ಯಾರನ್ನು ನಡೆಸುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಕತ್ತಲು ಹರಿಯುವ ಮುಂಚೆ, ಮೈಮೇಲೆ ಸ್ವೆಟರ್ ಇಲ್ಲದೆ, ಮಂಜು ಮುಸುಕಿದ ಹೆದ್ದಾರಿ ಪಕ್ಕ. ನಾಯಿಗೆ ಚಳಿ ಅಂದವರಿಗೆ ಈ ಹುಡುಗನಿಗೆ ಚಳಿಯಾಗುವುದು ಕಾಣಲಿಲ್ಲ. ಅವನು ಹತ್ತು ಗಂಟೆಗೆ ನನ್ನ ಮುಂದೆ ಕೂತು ಗಣಿತದ ಪೀರಿಯಡ್ಡಿನಲ್ಲಿ ತೂಕಡಿಸುತ್ತಾನೆ. ನಾನು ಏಳಿಸಬೇಕೋ, ಮಲಗಲು ಬಿಡಬೇಕೋ? ನಿಮ್ಮ ನಾಯಿ, ನಿಮ್ಮ ಕಾಲು. ಮಕ್ಕಳ ಕೈಗೆ ಕೊಡಬೇಡಿ. ದುಡ್ಡು ಕೊಟ್ಟು ಮಾಡಿಸುವುದಾದರೆ ದೊಡ್ಡವರಿಗೆ ಸರಿಯಾದ ಕೂಲಿ ಕೊಟ್ಟು ಮಾಡಿಸಿ.

ಇನ್ನು ನಾಯಿ ಸಾಕದವರ ಸಿಟ್ಟೂ ಇದೆ. ಅದರಲ್ಲಿ ನ್ಯಾಯವಿದೆ. ಧನುರ್ಮಾಸದಲ್ಲಿ, ತಮಿಳರು ಮಾರ್ಗಳಿ ಅನ್ನುತ್ತಾರೆ, ನಮ್ಮ ಬೀದಿಯ ಹೆಂಗಸರು ಕನ್ನಡ, ತಮಿಳು, ತೆಲುಗು ಅಂತ ಭೇದವಿಲ್ಲದೆ ನಸುಕಿನಲ್ಲೇ ಎದ್ದು ಬಾಗಿಲಿಗೆ ಸಾರಿಸಿ ಇಷ್ಟಗಲ ರಂಗೋಲಿ ಹಾಕಿ, ಸಗಣಿ ಉಂಡೆಯ ಮೇಲೆ ಕುಂಬಳದ ಹೂ ಇಡುತ್ತಾರೆ. ಒಂದು ಗಂಟೆಯ ಕೆಲಸ. ಅದರ ಮೇಲೆ ಯಾರದೋ ನಾಯಿ ಕಾಲೆತ್ತಿದರೆ ಆ ತಾಯಿಗೆ ಹೇಗಾಗಬೇಡ? ಯಜಮಾನ ಮೊಬೈಲು ನೋಡುತ್ತಾ ಮುಂದೆ ಹೋಗುತ್ತಾನೆ. ಹೀಗಾಗಿಯೇ ಕೆಲವು ಬಡಾವಣೆಗಳಲ್ಲಿ "ನಾಯಿ ತರಬೇಡಿ" ಅಂತ ಜಗಳ ಶುರುವಾಗುವುದು, ಅದನ್ನೇ ನೆಪ ಮಾಡಿ ಇವರು ನಡೆಸುವುದನ್ನು ನಿಲ್ಲಿಸುವುದು. ಪರಿಹಾರ ಕಷ್ಟವಿಲ್ಲ. ಬಾಗಿಲುಗಳ ಮುಂದೆ ಹಗ್ಗ ಗಿಡ್ಡವಾಗಿ ಹಿಡಿಯಿರಿ. ಹಳೇ ಪೇಪರು, ಒಂದು ಕವರು ಜೇಬಿನಲ್ಲಿರಲಿ, ನಿಮ್ಮ ನಾಯಿ ಮಾಡಿದ್ದನ್ನು ನೀವೇ ಎತ್ತಿ. ಅದಕ್ಕೆ ಮರ್ಯಾದೆ ಹೋಗುತ್ತದೆ ಅನ್ನುವವರು ಬೇರೆಯವರ ಬಾಗಿಲಲ್ಲಿ ಮಾಡಿಸುವುದಕ್ಕೆ ಯಾವ ಮರ್ಯಾದೆ ಇಟ್ಟುಕೊಂಡಿದ್ದಾರೆ?

ತಳಿಯ ಮಾತನ್ನೂ ಆಡಬೇಕು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಕ್ರೂರ ಎಂದು ಹೆಸರಿಸಿ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ಅದೇ ವರ್ಷ ತಮಿಳುನಾಡು ಸರ್ಕಾರ ತಂದ ನಾಯಿ ತಳಿ ನೀತಿಯಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥವು ಇಲ್ಲಿಯ ಹವೆಗೆ ಒಗ್ಗುವುದಿಲ್ಲ ಅಂತ ಪಟ್ಟಿ ಕೊಟ್ಟಿದೆ. ತಳಿಯ ವಿಚಾರ ಮುಖ್ಯವೇ. ಆದರೆ ಯಾವ ತಳಿಯನ್ನಾದರೂ ಕಟ್ಟಿಹಾಕಿ ಕೆಡಿಸಬಹುದು. ನಮ್ಮದೇ ಮುಧೋಳ, ತಮಿಳರ ರಾಜಪಾಳಯಂ, ಎರಡಕ್ಕೂ 2005ರಲ್ಲಿ ಅಂಚೆಚೀಟಿ ಬಂತು. ಎರಡೂ ಬೇಟೆಯ ನಾಯಿ, ಓಡುವುದಕ್ಕೇ ಹುಟ್ಟಿದವು. 2020ರಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ಇವುಗಳ ಹೆಸರು ಹೇಳಿ ದೇಶೀ ತಳಿ ಸಾಕಿ ಅಂದರು. ಸಂತೋಷ. ಆದರೆ ಗಾಳಿಯಂತೆ ಓಡುವ ಮುಧೋಳವನ್ನು ತಂದು ಆರಡಿ ಚೈನಿಗೆ ಕಟ್ಟಿದರೆ ಅದು ಸ್ವದೇಶಿ ಪ್ರೇಮವೇ?

ನಾಯಿಗೆ ಮರ್ಯಾದೆ ಕೊಡುವುದು ನಮಗೆ ಹೊಸದಲ್ಲ. ಮದ್ದೂರು ತಾಲೂಕಿನ ಆತಕೂರು ಶಾಸನ ಸುಮಾರು ಕ್ರಿ.ಶ. 950ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟ ಮಣಲೆರ ತಕ್ಕೋಲದ ಯುದ್ಧದಲ್ಲಿ ಮೆರೆದ. ತಕ್ಕೋಲ ಇರುವುದು ಇಂದಿನ ತಮಿಳುನಾಡಿನಲ್ಲಿ. ಮೆಚ್ಚಿದ ಒಡೆಯ ಬೇಕಾದ್ದು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, "ಕಾಳಿ" ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಹಂದಿಯೊಡನೆ ಕಾದು ಸತ್ತಾಗ ಕಲ್ಲು ನಿಲ್ಲಿಸಿದರು. ಇತ್ತ ನಮ್ಮ ಪಕ್ಕದ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಏಳನೆಯ ಶತಮಾನದ ನಡುಗಲ್ಲು ಇದೆ. ಸತ್ತ ವೀರನ ಪಕ್ಕದಲ್ಲಿ ಅವನ ನಾಯಿ, ಕೋವಿವನ್ ಅಂತ ಅದರ ಹೆಸರೂ ಕೆತ್ತಿದ್ದಾರೆ. ಕನ್ನಡದಲ್ಲೊಂದು, ತಮಿಳಿನಲ್ಲೊಂದು. ಆ ಎರಡೂ ನಾಯಿಗಳು ಯಜಮಾನನ ಜೊತೆ ಕಾಡು ಮೇಡು ತಿರುಗಿದವು. ಚೈನಿನಲ್ಲಿ ಕೂತಿದ್ದ ನಾಯಿಗೆ ಯಾರೂ ಕಲ್ಲು ನಿಲ್ಲಿಸಿಲ್ಲ.

ಸರಿ ಮೇಷ್ಟ್ರೇ, ಕೊನೆಗೆ ಹೇಗೆ ನಡೆಸಬೇಕು ಹೇಳಿಬಿಡಿ ಅನ್ನುತ್ತೀರಾ? ಹೇಳುತ್ತೇನೆ.

ಬೆಳೆದ, ಆರೋಗ್ಯವಾದ ನಾಯಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಚಳಿಗಾಲದಲ್ಲಿ ಐದೂವರೆಗೆ ಎದ್ದು ಹೋಗಬೇಕಾಗಿಲ್ಲ, ಮಂಜಿನಲ್ಲಿ ಹೆದ್ದಾರಿಯ ಲಾರಿಗಳಿಗೆ ನೀವು ಕಾಣುವುದೂ ಇಲ್ಲ. ಬಿಸಿಲು ಮೂಡಿದ ಮೇಲೆ, ಏಳರ ನಂತರ ಹೋಗಿ. ಸಂಜೆ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಐದಕ್ಕೆ ಹೊರಡಿ. ಕೆಲಸದಿಂದ ಬರುವುದು ತಡವಾದರೆ ಬೀದಿದೀಪ ಇರುವ ಒಳರಸ್ತೆಯಲ್ಲಿ ಟಾರ್ಚು ಹಿಡಿದು ನಡೆಸಿ, ಆದರೆ ತಪ್ಪಿಸಬೇಡಿ. ವಯಸ್ಸಾದ ನಾಯಿಗೆ ಹತ್ತು ಹದಿನೈದು ನಿಮಿಷದಂತೆ ಮೂರು ಸಲ. ಮರಿಗಳಿಗೆ ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿ ಬೇಡ, ಆಮೇಲೆ ಸ್ವಲ್ಪ ಸ್ವಲ್ಪವೇ ಹಲವು ಸಲ. ಮುಧೋಳ, ರಾಜಪಾಳಯಂ ಸಾಕಿದವರು ಸುತ್ತ ಬೇಲಿ ಇರುವ ಜಾಗದಲ್ಲಿ ಓಡಿಸಲೂಬೇಕು.

ತಪ್ಪಿಸಬಹುದಾದ ದಿನಗಳೂ ಇವೆ. ನಮ್ಮ ಚಳಿಗಾಲದ ಮೊದಲರ್ಧ ಹಿಂಗಾರು ಮಳೆಯ ಕಾಲವೂ ಹೌದು. 2024ರ ಡಿಸೆಂಬರ್ ಮೊದಲ ದಿನಗಳಲ್ಲಿ ಫೆಂಗಲ್ ಚಂಡಮಾರುತ ಬಂದಾಗ ನಮ್ಮ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನ ಐವತ್ತು ಸೆಂಟಿಮೀಟರ್ ಮಳೆ ಸುರಿದು ಬಸ್ಸು, ವ್ಯಾನುಗಳೇ ಕೊಚ್ಚಿಹೋದವು. ಅಂಥ ದಿನ ನಡೆಸಿ ಅನ್ನುವಷ್ಟು ಹುಚ್ಚು ನನಗಿಲ್ಲ. ಅಂಥ ದಿನ ಮಾಡಬೇಕಾದ್ದು ಒಂದೇ, ಚೈನು ಬಿಚ್ಚಿ ಮನೆಯೊಳಗೆ ಸೇರಿಸಿಕೊಳ್ಳುವುದು. ಕಟ್ಟಿದ ನಾಯಿಗೆ ಈಜಲು ಬರುವುದಿಲ್ಲ. ಹಾಗೆಯೇ ದೀಪಾವಳಿ ಮತ್ತು ಹೊಸವರ್ಷದ ರಾತ್ರಿ. ಪಟಾಕಿ ಸದ್ದಿಗೆ ಬೆದರಿ ಓಡಿಹೋದ ನಾಯಿ ಹೆದ್ದಾರಿ ಸೇರಿದರೆ ಮುಗಿಯಿತು. ಅಂದು ಬೆಳಕಿರುವಾಗಲೇ ನಡೆಸಿ ಮುಗಿಸಿ. ವರ್ಷಕ್ಕೆ ಇಂಥ ದಿನ ಎಷ್ಟು? ಹತ್ತೋ ಹದಿನೈದೋ. ತೊಂಬತ್ತು ದಿನ ಅಲ್ಲ.

ಇಷ್ಟಕ್ಕೂ ನಾನು ಕೇಳುತ್ತಿರುವುದು ದಿನಕ್ಕೆ ಒಂದು ಗಂಟೆ. ಟಿವಿಯ ಎರಡು ಧಾರಾವಾಹಿಯ ಹೊತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಡಾಕ್ಟರು ಕೈಮುಗಿದು ಹೇಳುವುದೂ ಅದನ್ನೇ. ನಾಯಿಗಾಗಿ ನಡೆದರೆ ನಿಮ್ಮ ಸಕ್ಕರೆಯೂ ಇಳಿಯುತ್ತದೆ, ಬೀದಿಯ ನಾಲ್ಕು ಜನರ ಮುಖ ಪರಿಚಯವೂ ಆಗುತ್ತದೆ, ನಾಯಿ ಶಾಲೆಗೆ ಹೋಗುವ ಮಕ್ಕಳ ವಾಸನೆ, ನಡಿಗೆ ಗುರುತಿಸಿ ಸುಮ್ಮನಾಗುತ್ತದೆ.

ಅಷ್ಟು ಆಗುವುದಿಲ್ಲ ಎಂದಾದರೆ ದಯವಿಟ್ಟು ನಾಯಿ ತರಬೇಡಿ. ಮನೆ ಕಾಯಲು ಬೇಕಾದರೆ ಒಳ್ಳೆಯ ಬೀಗ ಸಿಗುತ್ತದೆ, ಕ್ಯಾಮೆರಾ ಸಿಗುತ್ತದೆ. ಅವಕ್ಕೆ ಕಾಲಿಲ್ಲ, ಮೂಗಿಲ್ಲ, ಸಂಕ್ರಾಂತಿವರೆಗೆ ಕಂಬಕ್ಕೆ ಕಟ್ಟಿಟ್ಟರೂ ಪಾಪ ಬರುವುದಿಲ್ಲ. ಈಗಾಗಲೇ ನಾಯಿ ಇರುವವರು ನಾಳೆ ಬೆಳಿಗ್ಗೆ ಏಳು ಗಂಟೆಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಹಗ್ಗ ಹಿಡಿದು ಗೇಟು ತೆಗೆಯಿರಿ. ಚಳಿ ಯಾರಿಗೆ ಅನ್ನುವುದನ್ನು ನಾಯಿಯ ಬಾಲವೇ ಹೇಳುತ್ತದೆ.